ಹಳೆಯ ಜೀಪಿನ ಬ್ಯಾಟರಿ: ಆಯ್ಕೆ, ಆರೈಕೆ, ಕೊನೆಗೆ ಕೊಟ್ಟಿಗೆಯಿಂದ ದೂರ

– ಪಶುವೈದ್ಯಾಧಿಕಾರಿ, ಬೆಳಗಾವಿ



ಪಶುವೈದ್ಯರಿಗೂ ಬ್ಯಾಟರಿಗೂ ಏನು ಸಂಬಂಧ ಎಂದು ತಮಗೆ ಅನ್ನಿಸಬಹುದು. ಸಂಬಂಧ ಎರಡು ಬಗೆಯದು. ಮೊದಲನೆಯದು, ನಮ್ಮ ಬೆಳಗಾವಿ, ಖಾನಾಪುರ ಭಾಗದಲ್ಲಿ ಇನ್ನೂ ಹಳೆಯ ವಾಹನಗಳು ಉಳಿದಿವೆ. ಅಜ್ಜನ ಕಾಲದ ಮಹೀಂದ್ರಾ ಜೀಪು, ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಟ್ರ್ಯಾಕ್ಟರ್. ಕೆಲವರು ಇವನ್ನು ಅಭಿಮಾನದಿಂದ ಇಟ್ಟುಕೊಂಡಿದ್ದಾರೆ. ಕೆಲವರು ಇಂದಿಗೂ ಅದರಲ್ಲೇ ಹಿಂಡಿ ಚೀಲ ತರುತ್ತಾರೆ, ಹಾಲಿನ ಕ್ಯಾನ್ ಒಯ್ಯುತ್ತಾರೆ. ಬೆಳಗಿನ ಜಾವ ಸೆಲ್ಫ್ ಹಿಡಿಯದಿದ್ದರೆ ಹಾಲು ಸಂಘಕ್ಕೆ ಮುಟ್ಟುವುದು ತಡ, ಹಾಲು ಹುಳಿಯಾಗುವ ಭಯ ಬೇರೆ.

ಎರಡನೆಯ ಸಂಬಂಧ ಹೆಚ್ಚು ಗಂಭೀರವಾದದ್ದು. ವಾಹನದಿಂದ ತೆಗೆದ ಹಳೆಯ ಬ್ಯಾಟರಿ ಬಹಳ ಮನೆಗಳಲ್ಲಿ ಕೊಟ್ಟಿಗೆಯ ಮೂಲೆ ಸೇರುತ್ತದೆ. ದನಗಳಲ್ಲಿ ಕಂಡುಬರುವ ಸೀಸದ ವಿಷಬಾಧೆಗೆ ಜಗತ್ತಿನ ಹಲವು ಕಡೆ ಮುಖ್ಯ ಕಾರಣ ಎಂದು ಗುರುತಿಸಿರುವುದು ಇಂಥ ಬಿಸಾಡಿದ ಬ್ಯಾಟರಿಗಳನ್ನೇ. ಆದ್ದರಿಂದ ಈ ಲೇಖನದಲ್ಲಿ ಬ್ಯಾಟರಿಯನ್ನು ಹೇಗೆ ಆರಿಸಬೇಕು, ಹೇಗೆ ನೋಡಿಕೊಳ್ಳಬೇಕು ಎಂಬುದರ ಜೊತೆಗೆ, ಅದರ ಆಯುಷ್ಯ ಮುಗಿದ ದಿನ ಏನು ಮಾಡಬೇಕು ಎಂಬುದನ್ನೂ ತಿಳಿಸಲಾಗಿದೆ.

ಬ್ಯಾಟರಿಯ ಒಳಗೆ ಏನಿದೆ?

ವಾಹನಗಳಲ್ಲಿ ಬಳಸುವ ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ 1859ರಲ್ಲಿ ಕಂಡುಹಿಡಿದರು. ಅಂದಿನಿಂದ ಇಂದಿನವರೆಗೆ ಅದರ ಮೂಲ ತತ್ವ ಬದಲಾಗಿಲ್ಲ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಕೋಣೆಗಳಿರುತ್ತವೆ. ಪ್ರತಿ ಕೋಣೆಯೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಒಳಗೆ ಸೀಸದ ಫಲಕಗಳು, ಅವುಗಳ ಮೇಲೆ ಸೀಸದ ಲೇಪ, ಸುತ್ತಲೂ ನೀರು ಬೆರೆಸಿದ ಗಂಧಕಾಮ್ಲ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸದ್ದೇ.

ಬ್ಯಾಟರಿಯಿಂದ ವಿದ್ಯುತ್ ತೆಗೆದಾಗ ಆಮ್ಲದಲ್ಲಿರುವ ಸಲ್ಫೇಟ್ ಫಲಕಗಳಿಗೆ ಅಂಟಿಕೊಳ್ಳುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಆ ಸಲ್ಫೇಟ್ ಮತ್ತೆ ಆಮ್ಲಕ್ಕೆ ಮರಳುತ್ತದೆ. ಚಾರ್ಜ್ ಮಾಡದೆ ವಾರಗಟ್ಟಲೆ ಬಿಟ್ಟರೆ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟುತ್ತದೆ. ಅದು ಮತ್ತೆ ಕರಗುವುದಿಲ್ಲ. ಹಳೆಯ ವಾಹನಗಳ ಬ್ಯಾಟರಿಗಳು ಬೇಗ ಸಾಯುವುದು ಹೆಚ್ಚಾಗಿ ಹೀಗೆಯೇ. ಓಡಿ ಸವೆದು ಸಾಯುವುದಕ್ಕಿಂತ, ಅರೆಹೊಟ್ಟೆಯಲ್ಲಿ ನಿಂತು ಸಾಯುವುದೇ ಹೆಚ್ಚು. ಆಕಳಿಗೆ ಕರೆದಷ್ಟಕ್ಕೆ ತಕ್ಕ ಮೇವು ಬೇಕು ಎಂಬುದು ತಮಗೆ ಗೊತ್ತೇ ಇದೆ. ಬ್ಯಾಟರಿಯ ಲೆಕ್ಕವೂ ಅದೇ: ತೆಗೆದಷ್ಟನ್ನು ತುಂಬಬೇಕು, ಅದೂ ತಡಮಾಡದೆ ತುಂಬಬೇಕು.

ಹಳೆಯ ವಾಹನದ ಕಷ್ಟ ಬೇರೆ

ಮಹೀಂದ್ರಾ ಸಂಸ್ಥೆ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದ್ದು 1947ರಲ್ಲಿ. ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಇಷ್ಟು ದೀರ್ಘ ಕಾಲದ ವಾಹನಗಳಲ್ಲಿ ವಿದ್ಯುತ್ ವ್ಯವಸ್ಥೆ ಒಂದೇ ರೀತಿ ಇಲ್ಲ. ಬ್ಯಾಟರಿ ಕೊಳ್ಳುವ ಮುನ್ನ ತಮ್ಮ ವಾಹನದಲ್ಲಿ ಮೂರು ಸಂಗತಿಗಳನ್ನು ನೋಡಿಕೊಳ್ಳಿ.

ಒಂದು: ಎಷ್ಟು ವೋಲ್ಟ್? ಬಹಳ ಹಳೆಯ ಕೆಲವು ಜೀಪು, ಕಾರುಗಳು 6 ವೋಲ್ಟ್‌ನವು. ಅವುಗಳಿಗೆ 12 ವೋಲ್ಟ್ ಬ್ಯಾಟರಿ ಹಾಕಿದರೆ ಬಲ್ಬು, ಮೀಟರು, ಕಾಯಿಲ್ ಸುಡುತ್ತವೆ.

ಎರಡು: ಬಾಡಿಗೆ ಯಾವ ತುದಿ ಕೂಡಿಸಿದ್ದಾರೆ? ಈಗಿನ ಎಲ್ಲ ವಾಹನಗಳಲ್ಲಿ ಮೈನಸ್ ತುದಿ ಬಾಡಿಗೆ ಸೇರಿರುತ್ತದೆ. ಹಳೆಯ ಬ್ರಿಟಿಷ್ ಮಾದರಿಯ ಕೆಲವು ವಾಹನಗಳಲ್ಲಿ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಹಳೆಯ ಬ್ಯಾಟರಿ ಬಿಚ್ಚುವ ಮುನ್ನವೇ ಯಾವ ವೈರ್ ಎಲ್ಲಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು.

ಮೂರು: ಡೈನಮೊ ಇದೆಯೋ, ಆಲ್ಟರ್ನೇಟರ್ ಇದೆಯೋ? ಹಳೆಯ ಡೈನಮೊ ಎಂಜಿನ್ ನಿಧಾನವಾಗಿ ತಿರುಗುವಾಗ ಚಾರ್ಜ್ ಮಾಡುವುದೇ ಇಲ್ಲ ಎನ್ನಬಹುದು. ನಂತರ ಬಂದ ಆಲ್ಟರ್ನೇಟರ್ ನಿಧಾನಗತಿಯಲ್ಲೂ ಒಂದಿಷ್ಟು ಚಾರ್ಜ್ ಮಾಡುತ್ತದೆ. ಡೈನಮೊ ಇರುವ ಜೀಪನ್ನು ಮನೆಯಿಂದ ಸಂಘಕ್ಕೆ ಒಂದು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಮತ್ತೆ ಸೆಲ್ಫ್ ಹೊಡೆದು ವಾಪಸ್ ತಂದರೆ, ಬ್ಯಾಟರಿಯಿಂದ ತೆಗೆದದ್ದು ಹೆಚ್ಚು, ತುಂಬಿದ್ದು ಕಡಿಮೆ. ದಿನವೂ ಇದೇ ನಡೆದರೆ ತಿಂಗಳೊಪ್ಪತ್ತಿನಲ್ಲಿ ಬ್ಯಾಟರಿ ಸೋಲುತ್ತದೆ. ಆಗ ಅಂಗಡಿಯವನನ್ನು ಬೈದು ಫಲವಿಲ್ಲ. ವಾರಕ್ಕೊಮ್ಮೆಯಾದರೂ ಅರ್ಧ-ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸಿ, ಇಲ್ಲವೇ ಮನೆಯಲ್ಲಿ ಚಾರ್ಜರ್ ಇಟ್ಟುಕೊಳ್ಳಿ.

ಕೊಳ್ಳುವಾಗ ಗಮನಿಸಬೇಕಾದವು

1. ಸಾಮರ್ಥ್ಯ: ಬ್ಯಾಟರಿಯ ಮೇಲೆ ‘ಎ.ಎಚ್.’ (ಆಂಪಿಯರ್-ಅವರ್) ಎಂದು ಬರೆದ ಸಂಖ್ಯೆಯೇ ಅದರ ಸಾಮರ್ಥ್ಯ. ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 35ರಷ್ಟು ಸಾಕಾಗುತ್ತದೆ. ಡೀಸೆಲ್ ಎಂಜಿನ್ ಬಿಗಿ, ತಿರುಗಿಸಲು ಹೆಚ್ಚು ಬಲ ಬೇಕು. ಆದ್ದರಿಂದ ಡೀಸೆಲ್ ಜೀಪು, ಟ್ರ್ಯಾಕ್ಟರ್‌ಗಳಿಗೆ 75 ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ತಮ್ಮ ವಾಹನಕ್ಕೆ ಎಷ್ಟು ಬೇಕೆಂಬುದನ್ನು ವಾಹನದ ಪುಸ್ತಕ ನೋಡಿ ಅಥವಾ ಮೊದಲಿದ್ದ ಬ್ಯಾಟರಿಯ ಮೇಲಿನ ಅಂಕಿ ನೋಡಿ ನಿರ್ಧರಿಸಿ. ದೊಡ್ಡದು ಹಾಕಿದರೆ ಒಳ್ಳೆಯದು ಎಂಬ ಭಾವನೆ ಇದೆ. ಹಳೆಯ ಡೈನಮೊ ಅಷ್ಟು ದೊಡ್ಡ ಬ್ಯಾಟರಿಯನ್ನು ತುಂಬಲಾರದು. 20 ಲೀಟರ್ ಹಾಲಿನ ಆಕಳನ್ನು ತಂದು 5 ಲೀಟರ್ ಆಕಳಿನ ಮೇವು ಹಾಕಿದಂತಾಗುತ್ತದೆ.

2. ಬಗೆ: ಡೈನಮೊ ಅಥವಾ ಹಳೆಯ ರೆಗ್ಯುಲೇಟರ್ ಇರುವ ವಾಹನಕ್ಕೆ ಮುಚ್ಚಳ ತೆಗೆದು ನೀರು ಹಾಕಬಹುದಾದ ಸಾದಾ ಬ್ಯಾಟರಿಯೇ ಉತ್ತಮ. ಹಳೆಯ ರೆಗ್ಯುಲೇಟರ್ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ಚಾರ್ಜ್ ಕೊಡುತ್ತದೆ. ಹೆಚ್ಚಾದಾಗ ನೀರು ಆವಿಯಾಗುತ್ತದೆ. ಸಾದಾ ಬ್ಯಾಟರಿಗೆ ಆ ನೀರನ್ನು ಮತ್ತೆ ತುಂಬಬಹುದು, ಪೂರ್ತಿ ಮುಚ್ಚಿದ ಬ್ಯಾಟರಿಗೆ ತುಂಬಲಾಗದು. ಒಳ್ಳೆಯ ಆಲ್ಟರ್ನೇಟರ್ ಇರುವ ವಾಹನಕ್ಕೆ ‘ಮೆಂಟೆನೆನ್ಸ್ ಫ್ರೀ’ ಬ್ಯಾಟರಿ ಹಾಕಬಹುದು. ಲಿಥಿಯಂ ಬ್ಯಾಟರಿ ಹಳೆಯ ವಾಹನಕ್ಕೆ ಹೊಂದುವುದಿಲ್ಲ.

3. ಇನ್ವರ್ಟರ್ ಬ್ಯಾಟರಿ ಬೇರೆ, ಜೀಪಿನ ಬ್ಯಾಟರಿ ಬೇರೆ: ಜೀಪಿನ ಬ್ಯಾಟರಿಯಲ್ಲಿ ತೆಳುವಾದ ಹಲವು ಫಲಕಗಳಿರುತ್ತವೆ. ಕೆಲವೇ ಸೆಕೆಂಡು ಭಾರಿ ಕರೆಂಟ್ ಕೊಡುವುದಷ್ಟೇ ಅದರ ಕೆಲಸ. ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯಲ್ಲಿ ದಪ್ಪ ಫಲಕಗಳಿದ್ದು, ಅದು ತಾಸುಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಕರೆಂಟ್ ಹೋದ ರಾತ್ರಿ ಜೀಪಿನ ಬ್ಯಾಟರಿ ಬಿಚ್ಚಿ ಕೊಟ್ಟಿಗೆಯ ದೀಪಕ್ಕೆ ಹಚ್ಚುವ ರೂಢಿ ಇದ್ದರೆ ಬಿಟ್ಟುಬಿಡಿ. ನಾಲ್ಕಾರು ಸಲ ಪೂರ್ತಿ ಬರಿದಾದರೆ ಅದು ಹಾಳಾಗುತ್ತದೆ.

4. ತಯಾರಾದ ತಿಂಗಳು: ಆಮ್ಲ ತುಂಬಿದ ಬ್ಯಾಟರಿ ಅಂಗಡಿಯಲ್ಲಿ ಕುಳಿತಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ತಯಾರಿಯ ತಿಂಗಳು, ವರ್ಷ ಕೇಳಿ ನೋಡಿ. ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಬೇರೆ ಕೇಳಿ. ಅಂಗಡಿಯಲ್ಲೇ ಮೀಟರ್ ಹಚ್ಚಿಸಿ, 12.5 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಚಾರ್ಜ್ ಮಾಡಿಸಿಕೊಂಡೇ ತನ್ನಿ.

5. ಅಳತೆ ಮತ್ತು ತುದಿಗಳ ದಿಕ್ಕು: ಟ್ರೇಯ ಉದ್ದ, ಅಗಲ, ಬಾನೆಟ್ಟಿನವರೆಗಿನ ಎತ್ತರ ಅಳೆದುಕೊಂಡು ಹೋಗಿ. ಪ್ಲಸ್ ತುದಿ ಎಡಕ್ಕೋ ಬಲಕ್ಕೋ ನೋಡಿ. ದಿಕ್ಕು ತಪ್ಪಿದರೆ ವೈರ್ ಮುಟ್ಟುವುದಿಲ್ಲ, ಎಳೆದು ಕೂಡಿಸಿದರೆ ಬಾನೆಟ್ಟಿಗೆ ತಗುಲಿ ಕಿಡಿ ಹಾರುತ್ತದೆ.

6. ರಸೀದಿ ಮತ್ತು ವಾರಂಟಿ ಕಾರ್ಡ್: ದಿನಾಂಕ, ಅಂಗಡಿಯ ಮುದ್ರೆ ಹಾಕಿಸಿ ಹಾಲಿನ ಪಾಸ್‌ಬುಕ್ಕಿನ ಜೊತೆ ಇಡಿ. ಹಳೆಯ ಬ್ಯಾಟರಿಯನ್ನು ಅದೇ ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಕಡಿತ ಪಡೆಯಿರಿ. ಇದೇಕೆ ಮುಖ್ಯ ಎಂಬುದನ್ನು ಮುಂದೆ ಹೇಳಲಾಗಿದೆ.

ಬೆಳಗಾವಿ ಪೇಟೆಯಲ್ಲಿ ಕೊಂಡು ಊರಿಗೆ ತರುವಾಗ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಕಟ್ಟಿ ತನ್ನಿ. ಹಿಂಡಿ ಚೀಲ, ಖನಿಜ ಮಿಶ್ರಣ, ಹಾಲಿನ ಕ್ಯಾನ್‌ಗಳ ಜೊತೆ ಒಂದೇ ಕಡೆ ಇಡಬೇಡಿ. ಸೋರಿದ ಆಮ್ಲ ಚೀಲಕ್ಕೆ ಇಳಿದರೆ ಆ ಹಿಂಡಿಯನ್ನು ದನಕ್ಕೆ ಹಾಕುವಂತಿಲ್ಲ.

ತಿಂಗಳಿಗೊಮ್ಮೆ ಅರ್ಧ ತಾಸಿನ ಆರೈಕೆ

ನೀರು: ಮುಚ್ಚಳ ತೆಗೆದು ನೋಡಿ. ಫಲಕಗಳು ನೀರಿನಲ್ಲಿ ಮುಳುಗಿ, ಅವುಗಳ ಮೇಲೆ ಸುಮಾರು 10ರಿಂದ 15 ಮಿ.ಮೀ. ನೀರು ನಿಂತಿರಬೇಕು. ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು, ಬೋರ್‌ವೆಲ್ ನೀರು, ಕುದಿಸಿ ಆರಿಸಿದ ನೀರು ಯಾವುದೂ ಆಗದು. ಅವುಗಳಲ್ಲಿರುವ ಲವಣ ಫಲಕಗಳನ್ನು ಕೆಡಿಸುತ್ತದೆ. ಆಮ್ಲವನ್ನಂತೂ ಹಾಕಲೇಬಾರದು. ಆವಿಯಾಗುವುದು ನೀರು ಮಾತ್ರ, ಆಮ್ಲ ಒಳಗೇ ಉಳಿದಿರುತ್ತದೆ. ಚಾರ್ಜ್ ಮಾಡಬೇಕಿದ್ದರೆ ಮೊದಲು ಫಲಕ ಮುಳುಗುವಷ್ಟು ನೀರು ಹಾಕಿ, ಚಾರ್ಜ್ ಮುಗಿದ ಮೇಲೆ ಗುರುತಿನವರೆಗೆ ತುಂಬಿ.

ತುದಿಗಳು: ತುದಿಗಳ ಮೇಲೆ ಬಿಳಿ ಅಥವಾ ತಿಳಿನೀಲಿ ಪುಡಿ ಕಟ್ಟಿದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಬ್ಯಾಟರಿ ಹೋಯಿತು ಎಂದು ಹೊಸದು ತಂದವರ ಎಷ್ಟೋ ವಾಹನಗಳಲ್ಲಿ ದೋಷ ಇರುವುದು ಈ ಪುಡಿಯಲ್ಲಿ. ಮೊದಲು ಬಾಡಿಗೆ ಸೇರಿದ ವೈರ್ ಬಿಚ್ಚಿ, ನಂತರ ಇನ್ನೊಂದು. ಕೂಡಿಸುವಾಗ ಇದರ ಉಲ್ಟಾ: ಬಾಡಿಯ ವೈರ್ ಕೊನೆಗೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಹಳೆಯ ಬ್ರಷ್‌ನಿಂದ ಉಜ್ಜಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಸಾದಾ ನೀರಿನಿಂದ ಒರೆಸಿ, ಒಣಗಿದ ಮೇಲೆ ಕೂಡಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ. ಬ್ಯಾಟರಿಗೆ ಬಳಸುವ ಡಬ್ಬಿ ಬೇರೆಯೇ ಇರಲಿ. ಅದೇ ಕೈ, ಅದೇ ಡಬ್ಬಿಯಿಂದ ಆಕಳ ಮೊಲೆಗೆ ಹಚ್ಚಬೇಡಿ. ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆದುಕೊಂಡೇ ಹಾಲು ಕರೆಯಲು ಹೋಗಿ.

ಹಿಡಿತ: ಬ್ಯಾಟರಿ ಟ್ರೇಯಲ್ಲಿ ಅಲುಗಾಡಬಾರದು. ಜಾಂಬೋಟಿ, ಕಣಕುಂಬಿ ಕಡೆಯ ಘಟ್ಟದ ರಸ್ತೆಗಳ ಕುಲುಕಾಟಕ್ಕೆ ಸಡಿಲವಾದ ಬ್ಯಾಟರಿಯ ಫಲಕಗಳಿಂದ ಲೇಪ ಉದುರಿ ತಳದಲ್ಲಿ ಕೂರುತ್ತದೆ. ಆ ಕೆಸರು ಫಲಕದವರೆಗೆ ಏರಿದರೆ ಒಂದು ಕೋಣೆ ಶಾರ್ಟ್ ಆಗಿ ಬ್ಯಾಟರಿ ಸಾಯುತ್ತದೆ. ಕ್ಲ್ಯಾಂಪ್ ತುಕ್ಕು ಹಿಡಿದಿದ್ದರೆ ಬದಲಿಸಿ. ವೈರಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ.

ಪರೀಕ್ಷೆ: ಕೆಲವು ನೂರು ರೂಪಾಯಿಯ ಮೀಟರ್ ಒಂದಿದ್ದರೆ ಸಾಕು. ವಾಹನ ಓಡಿಸಿ ಏಳೆಂಟು ತಾಸಾದ ಮೇಲೆ, ಎಂದರೆ ಬೆಳಿಗ್ಗೆ ಎದ್ದ ಕೂಡಲೇ, ನೋಡುವುದು ಸರಿ.

• 12.6 ವೋಲ್ಟ್ ಅಥವಾ ಹೆಚ್ಚು: ಹೊಟ್ಟೆ ತುಂಬಿದೆ.
• 12.4: ಮುಕ್ಕಾಲು ಭಾಗ. ಇಂದೋ ನಾಳೆಯೋ ಚಾರ್ಜ್ ಮಾಡಿ.
• 12.2: ಅರ್ಧ. ಇಂದೇ ಚಾರ್ಜ್ ಮಾಡಿ.
• 12.0 ಅಥವಾ ಕಡಿಮೆ: ಕಾಲು ಭಾಗವೂ ಉಳಿದಿಲ್ಲ. ಸಲ್ಫೇಟ್ ಗಟ್ಟಿಯಾಗುತ್ತಿದೆ.

ಎಂಜಿನ್ ಓಡುವಾಗ ಸ್ವಲ್ಪ ಎಕ್ಸಲೇಟರ್ ಕೊಟ್ಟು ನೋಡಿ. 13.8ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿಯಿದೆ. 13ಕ್ಕಿಂತ ಕಡಿಮೆಯಿದ್ದರೆ ಡೈನಮೊ, ಬೆಲ್ಟ್, ರೆಗ್ಯುಲೇಟರ್ ತೋರಿಸಿ. 15 ದಾಟಿದರೆ ಬ್ಯಾಟರಿ ಕುದಿಯುತ್ತಿದೆ ಎಂದರ್ಥ. ಸೆಲ್ಫ್ ಹೊಡೆಯುವಾಗ ಅಂಕಿ 9.6ಕ್ಕಿಂತ ಕೆಳಗೆ ಬಿದ್ದರೆ, ಅದೂ ಪೂರ್ತಿ ಚಾರ್ಜ್ ಆದ ಮೇಲೂ ಬಿದ್ದರೆ, ಬ್ಯಾಟರಿಯ ಆಯುಷ್ಯ ಮುಗಿಯುತ್ತಾ ಬಂದಿದೆ. (6 ವೋಲ್ಟ್ ವಾಹನದವರು ಈ ಎಲ್ಲ ಅಂಕಿಗಳನ್ನು ಅರ್ಧ ಮಾಡಿಕೊಳ್ಳಿ.)

ಇನ್ನೊಂದು ಸಾಧನ ಹೈಡ್ರೋಮೀಟರ್. ಸಂಘದಲ್ಲಿ ಹಾಲಿಗೆ ಬಿಡುವ ಲ್ಯಾಕ್ಟೋಮೀಟರಿಗೆ ಇದು ತಮ್ಮನಿದ್ದಂತೆ. ನೀರು ಬೆರೆಸಿದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಮುಳುಗುವಂತೆ, ತೆಳುವಾದ ಆಮ್ಲದಲ್ಲಿ ಇದೂ ಮುಳುಗುತ್ತದೆ. ಚಾರ್ಜ್ ಆದ ಬ್ಯಾಟರಿಯಲ್ಲಿ ಆಮ್ಲದ ಸಾಂದ್ರತೆ ಸಾಮಾನ್ಯವಾಗಿ 1.250ರಿಂದ 1.280. 1.200ಕ್ಕಿಂತ ಇಳಿದರೆ ಚಾರ್ಜ್ ಬೇಕು. ಆರು ಕೋಣೆಗಳಲ್ಲಿ ಐದು ಸರಿಯಿದ್ದು ಒಂದೇ ಬಹಳ ಕಡಿಮೆ ತೋರಿಸಿದರೆ ಆ ಕೋಣೆ ಸತ್ತಿದೆ. ಅಂಥ ಬ್ಯಾಟರಿಗೆ ಮತ್ತೆ ಮತ್ತೆ ಚಾರ್ಜ್ ಮಾಡಿಸಿ ಹಣ ಕಳೆಯಬೇಡಿ.

ಎಚ್ಚರ: ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕದ ಅನಿಲ ಬರುತ್ತದೆ. ಕಿಡಿ ತಗುಲಿದರೆ ಸಿಡಿಯುತ್ತದೆ. ಹತ್ತಿರ ಬೀಡಿ, ಕಡ್ಡಿ, ಒಲೆ ಬೇಡ. ಗಾಳಿಯಾಡುವ ಜಾಗದಲ್ಲಿ ಚಾರ್ಜ್ ಮಾಡಿ, ಮೇವಿನ ಬಣವೆಯ ಪಕ್ಕದಲ್ಲಿ ಮಾಡಬೇಡಿ. ಆಮ್ಲ ಕಣ್ಣಿಗೆ ಸಿಡಿದರೆ ಕೂಡಲೇ ಕನಿಷ್ಠ 15 ನಿಮಿಷ ಸ್ವಚ್ಛ ನೀರು ಹಾಕುತ್ತಲೇ ಇರಿ, ನಂತರ ಆಸ್ಪತ್ರೆಗೆ ಹೋಗಿ.

ಮಳೆಗಾಲದ ನಾಲ್ಕು ತಿಂಗಳು

ಖಾನಾಪುರ ತಾಲೂಕಿನ ಪಶ್ಚಿಮದ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದ್ದೇ ರಾಜ್ಯ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ತಮಗೆಲ್ಲ ಗೊತ್ತಿರುವುದೇ. ಮುಚ್ಚಳವಿಲ್ಲದ ಜೀಪು ಈ ದಿನಗಳಲ್ಲಿ ಶೆಡ್ಡಿನಲ್ಲೇ ನಿಲ್ಲುತ್ತದೆ. ನಿಂತ ಬ್ಯಾಟರಿಯೂ ಸುಮ್ಮನಿರುವುದಿಲ್ಲ, ತಿಂಗಳಿಗೆ ಸುಮಾರು ಶೇ. 5ರಷ್ಟು ಶಕ್ತಿ ತಾನಾಗಿ ಸೋರುತ್ತದೆ. ಹಳೆಯದಾದಷ್ಟೂ ಈ ಸೋರಿಕೆ ಹೆಚ್ಚು. ಬ್ಯಾಟರಿಯ ಮೇಲ್ಭಾಗ ತೇವವಾಗಿ, ಧೂಳು, ಆಮ್ಲ ಸೇರಿದ್ದರೆ ಎರಡು ತುದಿಗಳ ನಡುವೆ ಆ ಕೊಳೆಯ ಮೇಲಿಂದಲೇ ಕರೆಂಟ್ ಹರಿದು ಇನ್ನೂ ಬೇಗ ಬರಿದಾಗುತ್ತದೆ.

ಆದ್ದರಿಂದ ಮಳೆಗಾಲಕ್ಕೆ ವಾಹನ ನಿಲ್ಲಿಸುವ ಮುನ್ನ ಪೂರ್ತಿ ಚಾರ್ಜ್ ಮಾಡಿ, ಬಾಡಿಗೆ ಸೇರಿದ ವೈರ್ ಬಿಚ್ಚಿಡಿ ಅಥವಾ ಕಟ್-ಆಫ್ ಸ್ವಿಚ್ ಹಾಕಿಸಿ. ಬ್ಯಾಟರಿ ಮೇಲ್ಭಾಗ ಒರೆಸಿ ಒಣದಾಗಿಡಿ. ತಿಂಗಳಿಗೊಮ್ಮೆ ಮೀಟರ್ ಹಚ್ಚಿ, 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. ಚಾರ್ಜರ್ ಕೊಳ್ಳುವವರು ತುಂಬಿದ ಮೇಲೆ ತಾನೇ ನಿಲ್ಲುವಂಥದ್ದನ್ನು ಕೊಳ್ಳಿ. ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಕರೆಂಟಿನಲ್ಲಿ ನಿಧಾನವಾಗಿ ಚಾರ್ಜ್ ಮಾಡುವುದು ಉತ್ತಮ. 75 ಎ.ಎಚ್. ಬ್ಯಾಟರಿಗೆ 7 ಆಂಪಿಯರ್ ಸಾಕು. ಎರಡು ದಿನಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಐದು ನಿಮಿಷ ಬಿಟ್ಟರೆ ಬ್ಯಾಟರಿಗೆ ಉಪಕಾರವಾಗದು. ಸೆಲ್ಫ್ ತಿಂದಷ್ಟನ್ನೂ ಡೈನಮೊ ಹಿಂದಿರುಗಿಸಿರುವುದಿಲ್ಲ.

ಬಿಚ್ಚಿಟ್ಟ ಬ್ಯಾಟರಿಯನ್ನು ಎಲ್ಲಿಡಬೇಕು? ಮಕ್ಕಳಿಗೂ ದನಕರುಗಳಿಗೂ ಸಿಗದ, ಬೀಗ ಹಾಕುವ ಕೋಣೆಯಲ್ಲಿ. ಕೊಟ್ಟಿಗೆಯಲ್ಲಿ ಬೇಡ, ಹಿಂಡಿ ಇಡುವ ಕೋಣೆಯಲ್ಲೂ ಬೇಡ.

ಸತ್ತ ಬ್ಯಾಟರಿ, ಬದುಕಿರುವ ಕರು

ಈಗ ಪಶುವೈದ್ಯನಾಗಿ ಹೇಳಬೇಕಾದ ಮುಖ್ಯ ಮಾತು.

ಒಡೆದ ಬ್ಯಾಟರಿಯನ್ನು ದನ ಏಕೆ ನೆಕ್ಕುತ್ತದೆ? ಸೀಸದ ಲವಣಗಳಿಗೆ ದನಗಳಿಗೆ ಹಿಡಿಸುವ ರುಚಿಯಿದೆ. ಕರುಗಳಿಗೆ ಏನನ್ನಾದರೂ ನೆಕ್ಕುವ, ಅಗಿಯುವ ಕುತೂಹಲ ಸಹಜ. ಜೊತೆಗೆ, ಮಳೆ ಹೆಚ್ಚಿರುವ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ಮೇವಿಗೆ ರಂಜಕ ಸಾಕಷ್ಟು ಸಿಗುವುದಿಲ್ಲ. ಖನಿಜ ಕೊರತೆಯಾದ ದನ ಎಲುಬು, ಚಪ್ಪಲಿ, ಬಟ್ಟೆ, ಮಣ್ಣು ಎಲ್ಲವನ್ನೂ ನೆಕ್ಕುತ್ತದೆ. ಖಾನಾಪುರ ಭಾಗದಲ್ಲಿ ಇಂಥ ದನದ ಎದುರಿಗೆ ಒಡೆದ ಬ್ಯಾಟರಿ ಇಟ್ಟರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಎಷ್ಟು ಸೀಸ ಅಪಾಯಕಾರಿ? ಕರುವಿಗೆ ದೇಹತೂಕದ ಪ್ರತಿ ಕಿಲೋಗೆ 400ರಿಂದ 600 ಮಿಲಿಗ್ರಾಂ ಒಮ್ಮೆಲೇ ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಕುತ್ತು ಎಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಎಂದರೆ 50 ಕಿಲೋ ತೂಕದ ಕರುವಿಗೆ 20ರಿಂದ 30 ಗ್ರಾಂ. ಒಂದು ಸಣ್ಣ ಕಾರಿನ ಬ್ಯಾಟರಿಯಲ್ಲೇ ಇದಕ್ಕಿಂತ ನೂರಾರು ಪಟ್ಟು ಸೀಸವಿದೆ. ಸೀಸದ ಚೂರು ಭಾರವಾದ್ದರಿಂದ ಹೊಟ್ಟೆಯ ಎರಡನೇ ಚೀಲದಲ್ಲಿ, ಮೊಳೆ-ತಂತಿ ಕೂರುವ ಜಾಗದಲ್ಲೇ, ಕುಳಿತು ದಿನಗಟ್ಟಲೆ ವಿಷ ಬಿಡುತ್ತಿರುತ್ತದೆ.

ಲಕ್ಷಣಗಳು: ಕರುಗಳಲ್ಲಿ ಒಂದೆರಡು ದಿನದಲ್ಲೇ ಕಾಣಬಹುದು. ಕಣ್ಣು ತೆರೆದಿದ್ದರೂ ಕಾಣದೆ ಗೋಡೆಗೆ ಹಾಯುವುದು, ಗೋಡೆಗೋ ಗೋದಲಿಗೋ ತಲೆ ಒತ್ತಿ ನಿಲ್ಲುವುದು, ಕಿವಿ, ಕಣ್ಣುರೆಪ್ಪೆ ಅದುರುವುದು, ಹಲ್ಲು ಕಡಿಯುವುದು, ಬಾಯಲ್ಲಿ ನೊರೆ, ಅರಚುವುದು, ತೂರಾಡುವುದು, ಸೆಳವು ಬಂದು ಬೀಳುವುದು. ದೊಡ್ಡ ದನಗಳಲ್ಲಿ ಕೆಲವೊಮ್ಮೆ ಮಂಕು, ಮೆಲುಕು ನಿಲ್ಲುವುದು, ಹಾಲು ಇಳಿಯುವುದು, ಮೊದಲು ಮಲಬದ್ಧತೆ, ನಂತರ ದುರ್ನಾತದ ಭೇದಿ. ಕೆಲವು ಕರುಗಳು ಯಾವ ಲಕ್ಷಣವನ್ನೂ ತೋರಿಸದೆ ಬೆಳಿಗ್ಗೆ ಸತ್ತು ಬಿದ್ದಿರುತ್ತವೆ. ಹಾವು ಕಚ್ಚಿತು ಎಂದು ಮನೆಯವರು ತಿಳಿಯುತ್ತಾರೆ.

ಒಂದು ಮುಖ್ಯ ಎಚ್ಚರಿಕೆ: ಬಾಯಲ್ಲಿ ನೊರೆ, ಅರಚಾಟ, ಕುರುಡು ಓಡಾಟ ಹುಚ್ಚುನಾಯಿ ರೋಗದಲ್ಲೂ ಇರುತ್ತದೆ. ಆದ್ದರಿಂದ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬರಿಗೈಯನ್ನು ಬಾಯಿಗೆ ಹಾಕಬೇಡಿ. ದನವನ್ನು ಬೇರೆ ಕಟ್ಟಿ, ಕೂಡಲೇ ಸಂಘದ ಕಾರ್ಯದರ್ಶಿಗಳ ಮೂಲಕ ಒಕ್ಕೂಟದ ಪಶುವೈದ್ಯರಿಗೆ ತಿಳಿಸಿ, ಅಥವಾ 1962ಕ್ಕೆ ಕರೆ ಮಾಡಿ. ದನ ಯಾವ ಹೊಲದಲ್ಲಿ, ಯಾವ ಹಿತ್ತಲಿನಲ್ಲಿ ಮೇಯ್ದಿತ್ತು, ಅಲ್ಲಿ ಹಳೆಯ ಬ್ಯಾಟರಿ, ಬಣ್ಣದ ಡಬ್ಬಿ ಇತ್ತೇ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧ, ಥಯಮಿನ್ ಚುಚ್ಚುಮದ್ದು ಇವೆ. ಬೇಗ ಗುರುತಿಸಿದರೆ ಕೆಲವನ್ನು ಉಳಿಸಬಹುದು, ಸೆಳವು ಶುರುವಾದ ಮೇಲೆ ಬಹಳ ಕಷ್ಟ.

ಹಾಲಿನ ಮಾತು

ಸೀಸ ತಿಂದ ಆಕಳು, ಎಮ್ಮೆಯ ಹಾಲಿಗೂ ಸೀಸ ಇಳಿಯುತ್ತದೆ. ಕಾಯಿಸಿದರೆ ಅದು ಹೋಗುವುದಿಲ್ಲ, ಮೊಸರು-ಬೆಣ್ಣೆ ಮಾಡಿದರೂ ಹೋಗುವುದಿಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಒಂದು ಕಿಲೋ ಹಾಲಿನಲ್ಲಿ ಸೀಸ 0.02 ಮಿಲಿಗ್ರಾಂ ಮೀರಬಾರದು. ಈ ಲೆಕ್ಕದಲ್ಲಿ ಒಂದೇ ಒಂದು ಗ್ರಾಂ ಸೀಸ 50,000 ಕಿಲೋ ಹಾಲನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಇಷ್ಟರವರೆಗೆ ಸುರಕ್ಷಿತ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಆದ್ದರಿಂದ ಸೀಸದ ಸಂಶಯವಿರುವ ದನದ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ, ಕರುವಿಗೂ ಕುಡಿಸಬೇಡಿ. ದನ ಗುಣವಾದಂತೆ ಕಂಡರೂ ರಕ್ತದಲ್ಲಿ ಸೀಸ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ರಕ್ತ, ಹಾಲಿನ ಪರೀಕ್ಷೆಯ ನಂತರ ವೈದ್ಯರು ಹೇಳಿದ ಮೇಲೆಯೇ ಹಾಲು ಹಾಕಿ. ಸಂಘದ ಡಬ್ಬಿಯಲ್ಲಿ ನಮ್ಮ ಹಾಲು, ನೆರೆಯವರ ಹಾಲು ಎಂದು ಬೇರೆ ಇರುವುದಿಲ್ಲ.

ಹಳೆಯ ಬ್ಯಾಟರಿ ಎಲ್ಲಿಗೆ ಹೋಗಬೇಕು?

ಉತ್ತರ ಒಂದೇ: ಹೊಸದು ಕೊಂಡ ದಿನವೇ, ಹೊಸದು ಕೊಂಡ ಅಂಗಡಿಗೆ. ಹಳೆಯ ಬ್ಯಾಟರಿಗಳ ಬಗ್ಗೆ ನಮ್ಮ ದೇಶದಲ್ಲಿ 2001ರಿಂದಲೇ ನಿಯಮಗಳಿವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದ್ದು. ಸೀಸವನ್ನು ಕರಗಿಸಿ ಮತ್ತೆ ಬಳಸಬಹುದಾದ್ದರಿಂದ ಸತ್ತ ಬ್ಯಾಟರಿಗೂ ಬೆಲೆಯಿದೆ. ಅಂಗಡಿಯಲ್ಲಿ ಅದನ್ನು ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಭಂಗಾರದವರು ಬರುವವರೆಗೆ ಹಿತ್ತಲಿನಲ್ಲಿ ಇಟ್ಟುಕೊಂಡರೆ, ಆ ನಾಲ್ಕು ಕಾಸು ಕರುವಿನ ಬೆಲೆಗೆ ಸಮವಾಗದು.

ಕೆಳಗಿನ ಕೆಲಸಗಳನ್ನು ಯಾವ ಕಾರಣಕ್ಕೂ ಮಾಡಬೇಡಿ:

• ಬ್ಯಾಟರಿ ಒಡೆದು ಸೀಸ ತೆಗೆಯುವುದು, ಮನೆಯ ಒಲೆಯಲ್ಲಿ ಸೀಸ ಕರಗಿಸುವುದು.
• ಆಮ್ಲವನ್ನು ತಿಪ್ಪೆಗೆ, ಕಾಲುವೆಗೆ, ಬಾವಿಯ ಹತ್ತಿರ ಸುರಿಯುವುದು.
• ಹಳೆಯ ಬ್ಯಾಟರಿಯ ಡಬ್ಬಿಯನ್ನು ನೀರಿನ ತೊಟ್ಟಿ, ಹಿಂಡಿಯ ಪಾತ್ರೆಯಾಗಿ ಬಳಸುವುದು.
• ಮೇವು ಕತ್ತರಿಸುವ ಯಂತ್ರದ ಹತ್ತಿರ, ಬಣವೆಯ ಬುಡದಲ್ಲಿ ಇಡುವುದು. ಮೇವಿನ ಜೊತೆ ಚೂರಾದರೆ ಇಡೀ ಕೊಟ್ಟಿಗೆಗೆ ವಿಷ.

ಕಾಡಂಚಿನ ಊರುಗಳಲ್ಲಿ ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿದವರಿಗೂ ಈ ಮಾತು ಅನ್ವಯಿಸುತ್ತದೆ. ಬೇಲಿಯ ಬ್ಯಾಟರಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ನೆಲದಿಂದ ಎತ್ತರದಲ್ಲಿ ಇರಲಿ. ಸುಗ್ಗಿ ಮುಗಿದು ದನ ಹೊಲಕ್ಕೆ ಬಿಡುವ ಮುನ್ನ ಒಮ್ಮೆ ಸುತ್ತಾಡಿ ನೋಡಿ. ದಿನವೂ ಖನಿಜ ಮಿಶ್ರಣ ಕೊಡುವುದರಿಂದ ಸಿಕ್ಕಿದ್ದನ್ನೆಲ್ಲ ನೆಕ್ಕುವ ಚಟವೂ ಕಡಿಮೆಯಾಗುತ್ತದೆ.

ರೈತರು ಕೇಳುವ ಪ್ರಶ್ನೆಗಳು

ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಇಳಿದುಹೋಗುತ್ತದೆಯೇ?
ಇಲ್ಲ. ಈಗಿನ ಪ್ಲಾಸ್ಟಿಕ್ ಡಬ್ಬಿಯಿಂದ ನೆಲಕ್ಕೆ ಕರೆಂಟ್ ಹರಿಯುವುದಿಲ್ಲ. ಇಳಿಯುವುದು ಕಾಲ ಕಳೆದದ್ದರಿಂದ.

ಸೆಲ್ಫ್ ಹಿಡಿಯದಿದ್ದಾಗ ಬೇರೆ ವಾಹನದಿಂದ ವೈರ್ ಕೊಡುವುದು ಹೇಗೆ?
ಮೊದಲು ಎರಡೂ ಒಂದೇ ವೋಲ್ಟ್‌ನವೇ, ಎರಡರಲ್ಲೂ ಮೈನಸ್ ತುದಿಯೇ ಬಾಡಿಗೆ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಂಪು ವೈರ್ ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆಯ ಬ್ಯಾಟರಿಯ ಮೈನಸ್‌ನಿಂದ ನಿಂತ ವಾಹನದ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕೂಡಿಸಿ. ಬಿಚ್ಚುವಾಗ ಇದರ ಉಲ್ಟಾ.

ಬ್ಯಾಟರಿ ಎಷ್ಟು ವರ್ಷ ಬರಬೇಕು?
ಒಳ್ಳೆಯ ಆರೈಕೆಯಿದ್ದರೆ ಮೂರರಿಂದ ಐದು ವರ್ಷ. ನೀರು ಒಣಗಿಸಿ, ಮಳೆಗಾಲ ಪೂರ್ತಿ ಚಾರ್ಜಿಲ್ಲದೆ ಬಿಟ್ಟರೆ ಒಂದೇ ವರ್ಷ.

ಇಂದೇ ಮಾಡಬೇಕಾದ ಕೆಲಸ

ಈ ಸಂಚಿಕೆ ಓದಿ ಮುಗಿಸಿದ ಮೇಲೆ ಕೊಟ್ಟಿಗೆ, ಹಿತ್ತಲು, ತಿಪ್ಪೆಯ ಸುತ್ತ, ಹಳೆಯ ಟ್ರ್ಯಾಕ್ಟರ್ ನಿಲ್ಲಿಸುವ ಜಾಗದಲ್ಲಿ ಒಂದು ಸುತ್ತು ಹಾಕಿ. ಹಳೆಯ ಬ್ಯಾಟರಿ ಕಂಡರೆ ಅದನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗಿಟ್ಟು, ದನಕ್ಕೆ ಸಿಗದ ಕಡೆ ಬೀಗ ಹಾಕಿ. ಒಡೆದಿದ್ದರೆ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಚೂರುಗಳನ್ನೂ, ಅದರ ಕೆಳಗಿನ ಮಣ್ಣನ್ನೂ ಕೆರೆದು ತೆಗೆದು ಗಟ್ಟಿ ಡಬ್ಬದಲ್ಲಿ ತುಂಬಿ. ಮುಂದಿನ ಸಲ ಬೆಳಗಾವಿ ಅಥವಾ ಖಾನಾಪುರ ಪೇಟೆಗೆ ಹೋಗುವಾಗ ಬ್ಯಾಟರಿ ಅಂಗಡಿಗೆ ಒಪ್ಪಿಸಿ ಬನ್ನಿ. ಸಂಘದ ಸಭೆಯಲ್ಲಿ ವಿಷಯ ಎತ್ತಿದರೆ ಊರಿನ ಎಲ್ಲರ ಹಳೆಯ ಬ್ಯಾಟರಿಗಳನ್ನೂ ಒಂದೇ ಗಾಡಿಯಲ್ಲಿ ಕಳುಹಿಸಬಹುದು.